ಎಡ್ವರ್ಡ್ ಆರ್. ಮರ್ರೋ

ಎಡ್ವರ್ಡ್ ರಾಸ್ಕೋ ಮರ್ರೋ (25 ಏಪ್ರಿಲ್ 1908 – 27 ಏಪ್ರಿಲ್ 1965) ಅಮೆರಿಕದ ಹೆಸರಾಂತ ಪ್ರಸಾರ ಪತ್ರಕರ್ತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಿಂದ ಸಿ.ಬಿ.ಎಸ್. ರೇಡಿಯೊಗೆ ನೀಡಿದ ವರದಿಗಳಿಂದ ಪ್ರಸಿದ್ಧರಾದ ಇವರು, 1950ರ ದಶಕದಲ್ಲಿ ‘ಸೀ ಇಟ್ ನೌ’ ಎಂಬ ದೂರದರ್ಶನ ಕಾರ್ಯಕ್ರಮದ ಮೂಲಕ ಸುದ್ದಿ ಸಾಕ್ಷ್ಯಚಿತ್ರಕ್ಕೆ ಒಂದು ಸ್ಪಷ್ಟ ರೂಪವನ್ನು ಕೊಟ್ಟರು. ವ್ಯಕ್ತಿಯೊಬ್ಬನ ಮಾತನ್ನು ವರದಿಗಾರನು ತನ್ನ ಬಾಯಿಂದ ತಿಳಿಸುವುದಕ್ಕೂ ಆ ಮಾತನ್ನು ಆಡಿದವನ ಸ್ವರದಲ್ಲಿಯೇ ಕೇಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ಇವರ ವೃತ್ತಿಜೀವನವು ಬೇರಾರ ಬದುಕಿಗಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ. 1954ರಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿಯವರ ಭಾಷಣದ ತುಣುಕುಗಳನ್ನೇ ಮುಖ್ಯ ಸಾಮಗ್ರಿಯಾಗಿ ಬಳಸಿ ಇವರು ಪ್ರಸಾರ ಮಾಡಿದ ವರದಿಯು ಪತ್ರಿಕೋದ್ಯಮದ ಇತಿಹಾಸದಲ್ಲಿ ಹೆಚ್ಚು ಚರ್ಚೆಗೆ ಒಳಗಾದ ಕಾರ್ಯಕ್ರಮಗಳಲ್ಲಿ ಒಂದಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಮರ್ರೋ ಅವರು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಗಿಲ್‌ಫರ್ಡ್ ಕೌಂಟಿಯಲ್ಲಿ, ಗ್ರೀನ್ಸ್‌ಬೊರೊ ನಗರದ ಸಮೀಪದ ಪೋಲ್‌ಕ್ಯಾಟ್ ಕ್ರೀಕ್ ಎಂಬಲ್ಲಿ ಜನಿಸಿದರು. ಹುಟ್ಟಿದಾಗ ಇಟ್ಟ ಹೆಸರು ಎಗ್ಬರ್ಟ್ ರಾಸ್ಕೋ ಮರ್ರೋ. ತಂದೆ ರಾಸ್ಕೋ ಮರ್ರೋ, ತಾಯಿ ಎಥೆಲ್ ಲ್ಯಾಂಬ್. ಕ್ವೇಕರ್ ಪಂಥಕ್ಕೆ ಸೇರಿದ ಈ ಕೃಷಿಕ ಕುಟುಂಬವು ಬಡತನದಲ್ಲಿಯೇ ಬಾಳುತ್ತಿತ್ತು. ಲೇಸಿ ಮತ್ತು ಡ್ಯೂಯಿ ಇವರ ಅಣ್ಣಂದಿರು. ಬಾಲಕ ಮರ್ರೋಗೆ ಸುಮಾರು ಆರು ವರ್ಷವಾಗಿದ್ದಾಗ ಕುಟುಂಬವು ದೇಶದ ಇನ್ನೊಂದು ತುದಿಯಲ್ಲಿರುವ ವಾಷಿಂಗ್ಟನ್ ರಾಜ್ಯದ ಬ್ಲಾಂಚರ್ಡ್ ಎಂಬ ಊರಿಗೆ ವಲಸೆ ಹೋಯಿತು. ಅಲ್ಲಿ ತಂದೆ ಮರ ಸಾಗಿಸುವ ರೈಲಿನ ಕೆಲಸಕ್ಕೆ ಸೇರಿದರು.

ಎಡಿಸನ್ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಮರ್ರೋ ಅವರು ಚರ್ಚಾಸ್ಪರ್ಧೆಗಳಲ್ಲಿ ಹೆಸರು ಗಳಿಸಿದರು. ಶಾಲೆ ಮುಗಿದ ನಂತರ ಕಾಲೇಜಿನ ವೆಚ್ಚಕ್ಕಾಗಿ ಮರ ಕಡಿಯುವ ಶಿಬಿರಗಳಲ್ಲಿ ದುಡಿದರು. ಬಳಿಕ ಪುಲ್‌ಮನ್ ಪಟ್ಟಣದ ವಾಷಿಂಗ್ಟನ್ ಸ್ಟೇಟ್ ಕಾಲೇಜನ್ನು ಸೇರಿ, 1930ರಲ್ಲಿ ವಾಕ್ಕಲೆಯನ್ನು ಪ್ರಧಾನ ವಿಷಯವಾಗಿ ತೆಗೆದುಕೊಂಡು ಪದವಿ ಪಡೆದರು. ಎಗ್ಬರ್ಟ್ ಎಂಬ ಹೆಸರನ್ನು ಬಿಟ್ಟು ಎಡ್ವರ್ಡ್ ಎಂದು ಕರೆಸಿಕೊಳ್ಳತೊಡಗಿದ್ದೂ ಯೌವನದ ಈ ವರ್ಷಗಳಲ್ಲಿಯೇ.

ಕಾಲೇಜಿನಲ್ಲಿ ವಾಕ್ಕಲೆಯನ್ನು ಕಲಿಸುತ್ತಿದ್ದ ಐಡಾ ಲೂ ಆಂಡರ್ಸನ್ ಅವರು ಮರ್ರೋ ಅವರ ಮೇಲೆ ಗಾಢವಾದ ಪ್ರಭಾವ ಬೀರಿದರು. ಬಾಲ್ಯದಲ್ಲಿಯೇ ಪೋಲಿಯೊಗೆ ತುತ್ತಾಗಿ ದೇಹಬಾಧೆಯನ್ನು ಅನುಭವಿಸುತ್ತಿದ್ದ ಈ ಶಿಕ್ಷಕಿಯು ಸ್ವರದ ಏರಿಳಿತ, ಪದಗಳ ನಡುವಿನ ವಿರಾಮ ಮತ್ತು ಮಾತಿನ ಸರಳತೆಗಳ ಬಗ್ಗೆ ಶಿಷ್ಯನಿಗೆ ನಿಷ್ಠುರವಾಗಿ ತರಬೇತಿ ನೀಡಿದರು. ಮುಂದೆ ಮರ್ರೋ ಅವರು ಲಂಡನ್ನಿನಿಂದ ಮಾತನಾಡುತ್ತಿದ್ದಾಗ, ಆರಂಭದ ವಾಕ್ಯದ ಮೊದಲ ಪದದ ನಂತರ ಒಂದು ಕ್ಷಣ ನಿಲ್ಲುವಂತೆ ಸೂಚಿಸಿದವರೂ ಇವರೇ. ಆ ವಿರಾಮವು ಕಾಲಕ್ರಮೇಣ ಮರ್ರೋ ಅವರ ಗುರುತಾಯಿತು.

ಆರಂಭದ ಉದ್ಯೋಗಗಳು

ಪದವಿಯ ನಂತರ ಮರ್ರೋ ಅವರು ಪತ್ರಿಕೆಗಳತ್ತ ಹೋಗಲಿಲ್ಲ. ಅಮೆರಿಕದ ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟದ ಅಧ್ಯಕ್ಷರಾಗಿ ನ್ಯೂಯಾರ್ಕಿಗೆ ಬಂದರು. 1932ರಿಂದ 1935ರವರೆಗೆ ಅಂತರರಾಷ್ಟ್ರೀಯ ಶಿಕ್ಷಣ ಸಂಸ್ಥೆಯ ಸಹಾಯಕ ನಿರ್ದೇಶಕರಾಗಿದ್ದರು. ನಾಜಿ ಆಡಳಿತವು ಜರ್ಮನಿಯ ವಿಶ್ವವಿದ್ಯಾಲಯಗಳಿಂದ ಹೊರಹಾಕಿದ ವಿದ್ವಾಂಸರಿಗೆ ಅಮೆರಿಕದಲ್ಲಿ ನೆಲೆ ಒದಗಿಸಲು 1933ರಲ್ಲಿ ರಚನೆಯಾದ ತುರ್ತು ಸಮಿತಿಯಲ್ಲಿಯೂ ಸಹಾಯಕ ಕಾರ್ಯದರ್ಶಿಯಾಗಿ ದುಡಿದರು. ಯುರೋಪಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಸಂತ್ರಸ್ತರ ಪತ್ರಗಳಿಂದಲೂ ಬಾಯಿಮಾತಿನಿಂದಲೂ ನೇರವಾಗಿ ತಿಳಿಯುವ ಅವಕಾಶ ಇಲ್ಲಿ ದೊರೆಯಿತು. ಈ ಅವಧಿಯಲ್ಲಿಯೇ ಜಾನೆಟ್ ಬ್ರೂಸ್ಟರ್ ಅವರನ್ನು ವಿವಾಹವಾದರು. ಅವರ ಏಕೈಕ ಪುತ್ರ ಚಾರ್ಲ್ಸ್ ಕೇಸಿ ಮರ್ರೋ 1945ರಲ್ಲಿ ಜನಿಸಿದರು.

1935ರಲ್ಲಿ ಮರ್ರೋ ಅವರು ಕೊಲಂಬಿಯಾ ಬ್ರಾಡ್‌ಕಾಸ್ಟಿಂಗ್ ಸಿಸ್ಟಮ್, ಅಂದರೆ ಸಿ.ಬಿ.ಎಸ್. ರೇಡಿಯೊ ಜಾಲದಲ್ಲಿ ಭಾಷಣ ಕಾರ್ಯಕ್ರಮಗಳ ನಿರ್ದೇಶಕರಾಗಿ ನೇಮಕಗೊಂಡರು. ರಾಜಕಾರಣಿಗಳು, ಪ್ರಾಧ್ಯಾಪಕರು, ಲೇಖಕರು ಮೊದಲಾದವರನ್ನು ಮೈಕ್ರೊಫೋನಿನ ಮುಂದೆ ಕರೆತರುವುದು ಅವರ ಕೆಲಸವಾಗಿತ್ತು. 1937ರಲ್ಲಿ ಯುರೋಪಿನ ವಿಭಾಗದ ಮುಖ್ಯಸ್ಥರಾಗಿ ಲಂಡನ್ನಿಗೆ ಹೋದಾಗಲೂ ಅವರ ಹೊಣೆ ಇಷ್ಟೇ ಆಗಿತ್ತು. ಬರ್ಲಿನ್ನಿನಲ್ಲಿದ್ದ ಅನುಭವಿ ಪತ್ರಕರ್ತ ವಿಲಿಯಂ ಶೈರರ್ ಅವರನ್ನು ಸಹೋದ್ಯೋಗಿಯಾಗಿ ನೇಮಿಸಿಕೊಂಡರು. ಇಬ್ಬರೂ ಪರರ ಮಾತಿಗೆ ವೇದಿಕೆ ಒದಗಿಸಬೇಕಿತ್ತೇ ಹೊರತು ತಾವೇ ಸುದ್ದಿ ಹೇಳುವ ರೂಢಿ ಇನ್ನೂ ಬಂದಿರಲಿಲ್ಲ.

ವಿಯೆನ್ನಾದಿಂದ ಮೊದಲ ವರದಿ

1938ರ ಮಾರ್ಚ್ ತಿಂಗಳಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ಪ್ರವೇಶಿಸಿದಾಗ ಈ ಸ್ಥಿತಿ ಬದಲಾಯಿತು. ಆ ವೇಳೆಗೆ ಮರ್ರೋ ಅವರು ಮಕ್ಕಳ ಗಾಯನದ ಪ್ರಸಾರವೊಂದನ್ನು ಏರ್ಪಡಿಸಲು ಪೋಲೆಂಡಿಗೆ ಹೋಗಿದ್ದರು. ಶೈರರ್ ಅವರು ವಿಯೆನ್ನಾದಲ್ಲಿದ್ದರೂ ಅಲ್ಲಿಂದ ಪ್ರಸಾರ ಮಾಡಲು ಅವರಿಗೆ ಅವಕಾಶ ದೊರೆಯಲಿಲ್ಲ. ಶೈರರ್ ಲಂಡನ್ನಿಗೆ ಹಾರಿ ಅಲ್ಲಿಂದ ವರದಿ ಮಾಡಿದರು. ಮರ್ರೋ ಅವರು ಬರ್ಲಿನ್ನಿಗೆ ಬಂದು, ವಿಮಾನವೊಂದನ್ನು ಬಾಡಿಗೆಗೆ ಪಡೆದು ವಿಯೆನ್ನಾ ತಲುಪಿದರು.

ಮಾರ್ಚ್ 13ರಂದು ಸಿ.ಬಿ.ಎಸ್. ಲಂಡನ್, ಪ್ಯಾರಿಸ್, ಬರ್ಲಿನ್, ವಿಯೆನ್ನಾ ಮುಂತಾದ ನಗರಗಳಿಂದ ಒಂದರ ಹಿಂದೊಂದು ನೇರ ವರದಿಗಳನ್ನು ಜೋಡಿಸಿ ಅರ್ಧ ಗಂಟೆಯ ಸುದ್ದಿ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ನ್ಯೂಯಾರ್ಕಿನಿಂದ ರಾಬರ್ಟ್ ಟ್ರೌಟ್ ಅದನ್ನು ನಡೆಸಿಕೊಟ್ಟರು. ಹಲವು ಊರುಗಳ ವರದಿಗಾರರನ್ನು ಒಂದೇ ಕಾರ್ಯಕ್ರಮದೊಳಗೆ ಕೇಳಿಸುವ ಈ ಮಾದರಿಯು ಇಂದಿನ ರೇಡಿಯೊ ಮತ್ತು ದೂರದರ್ಶನ ಸುದ್ದಿಗಳ ಮೂಲರೂಪಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಮರ್ರೋ ಅವರು ವರದಿಗಾರರಾದದ್ದು ಈ ಪ್ರಸಾರದಿಂದ.

ಲಂಡನ್ನಿನ ವರದಿಗಳು

1939ರಲ್ಲಿ ಯುದ್ಧ ಆರಂಭವಾದ ಮೇಲೆ ಮರ್ರೋ ಅವರು ಲಂಡನ್ನಿನಲ್ಲಿಯೇ ಉಳಿದರು. ಎರಿಕ್ ಸೆವರೈಡ್, ಚಾರ್ಲ್ಸ್ ಕಾಲಿಂಗ್‌ವುಡ್, ಲ್ಯಾರಿ ಲೆಸ್ಯೂರ್, ಹೊವಾರ್ಡ್ ಕೆ. ಸ್ಮಿತ್, ಮೇರಿ ಮಾರ್ವಿನ್ ಬ್ರೆಕಿನ್‌ರಿಜ್ ಮೊದಲಾದವರನ್ನು ಸೇರಿಸಿಕೊಂಡು ಯುರೋಪಿನಾದ್ಯಂತ ವರದಿಗಾರರ ಒಂದು ತಂಡವನ್ನು ಕಟ್ಟಿದರು. ಧ್ವನಿ ಚೆನ್ನಾಗಿರುವವರಿಗಿಂತ ಯೋಚಿಸಿ ಬರೆಯಬಲ್ಲವರಿಗೆ ಅವರು ಆದ್ಯತೆ ನೀಡುತ್ತಿದ್ದರು. ಈ ತಂಡವು ಮುಂದೆ ಮರ್ರೋ ಹುಡುಗರು ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಆ ಕಾಲದಲ್ಲಿ ಅಮೆರಿಕದ ದೊಡ್ಡ ರೇಡಿಯೊ ಜಾಲಗಳು ಮುದ್ರಿತ ಧ್ವನಿಯ ಪ್ರಸಾರವನ್ನು ಸಾಮಾನ್ಯವಾಗಿ ನಿಷೇಧಿಸಿದ್ದವು. ಪ್ರಸಾರವಾಗುವುದೆಲ್ಲವೂ ಆ ಕ್ಷಣದಲ್ಲಿ ನಡೆಯುವಂಥದ್ದೇ ಆಗಬೇಕು ಎಂಬುದು ನಿಯಮ. ಹೀಗಾಗಿ ಹಗಲಿನಲ್ಲಿ ಬೀದಿಯಲ್ಲಿ ಒಬ್ಬ ಅಗ್ನಿಶಾಮಕ ಸಿಬ್ಬಂದಿಯೋ ಗೃಹಿಣಿಯೋ ಆಡಿದ ಮಾತನ್ನು ರಾತ್ರಿಯ ಪ್ರಸಾರದಲ್ಲಿ ಅವರ ದನಿಯಲ್ಲಿ ಕೇಳಿಸಲು ಸಾಧ್ಯವಿರಲಿಲ್ಲ. ಅದನ್ನು ವರದಿಗಾರನೇ ತನ್ನ ಮಾತಿನಲ್ಲಿ ನಿರೂಪಿಸಬೇಕಾಗಿತ್ತು. ಪತ್ರಿಕೆಯಲ್ಲಿ ಉದ್ಧರಣ ಚಿಹ್ನೆಗಳು ಓದುಗನ ಕಣ್ಣಿಗೆ ಕಾಣುತ್ತವೆ. ಕೇಳುಗನಿಗೆ ಅಂಥ ಗುರುತು ಇಲ್ಲ. ಯಾರು ಹೇಳಿದರು ಎಂಬುದನ್ನು ಮೊದಲು ತಿಳಿಸಿ, ಹೇಳಿದ ಸಂಗತಿಯನ್ನು ಬಳಿಕ ಸರಳವಾಗಿ ಹೇಳುವುದು ಇಲ್ಲಿ ಅನಿವಾರ್ಯ. ಮರ್ರೋ ಅವರು ತಮ್ಮ ವರದಿಗಳನ್ನು ಬೆರಳಚ್ಚು ಮಾಡುವ ಬದಲು ಗಟ್ಟಿಯಾಗಿ ಹೇಳಿ ಬರೆಸುತ್ತಿದ್ದರು. ಕಣ್ಣಿಗಾಗಿ ಅಲ್ಲದೆ ಕಿವಿಗಾಗಿಯೇ ರಚಿತವಾದ ಅವರ ಗದ್ಯದ ಗುಟ್ಟು ಇದೇ.

1940ರ ಆಗಸ್ಟ್ 24ರ ರಾತ್ರಿ ಟ್ರಫಾಲ್ಗರ್ ಚೌಕದಿಂದ ಮಾಡಿದ ನೇರ ಪ್ರಸಾರವು ಈ ಮಿತಿಯೊಳಗೆ ಅವರು ಕಂಡುಕೊಂಡ ದಾರಿಗೆ ಉತ್ತಮ ನಿದರ್ಶನ. ವಾಯುದಾಳಿಯ ಎಚ್ಚರಿಕೆಯ ಸೈರನ್ ಮೊಳಗುತ್ತಿರುವಾಗ ಅವರು ಮೈಕ್ರೊಫೋನನ್ನು ಕಾಲುದಾರಿಯ ಮಟ್ಟಕ್ಕೆ ಇಳಿಸಿದರು. ಆಶ್ರಯತಾಣದತ್ತ ಓಡದೆ ಶಾಂತವಾಗಿ ನಡೆದುಹೋಗುತ್ತಿದ್ದ ಜನರ ಹೆಜ್ಜೆಸಪ್ಪಳ ಅಟ್ಲಾಂಟಿಕ್ ಸಾಗರದಾಚೆಗೆ ಕೇಳಿಸಿತು. ಲಂಡನ್ನಿನ ಜನತೆಯ ಧೈರ್ಯವನ್ನು ಕುರಿತು ಯಾರ ಹೇಳಿಕೆಯೂ ಅಲ್ಲಿ ಬೇಕಾಗಲಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಬಾಂಬ್ ದಾಳಿಯನ್ನು ಕಟ್ಟಡದ ಮಾಳಿಗೆಯ ಮೇಲಿಂದ ನೇರವಾಗಿ ವರದಿ ಮಾಡಲು ಬ್ರಿಟಿಷ್ ಸರ್ಕಾರವು ಅವರಿಗೆ ಅನುಮತಿ ನೀಡಿತು. ದಾಳಿಗಳಲ್ಲಿ ಸಿ.ಬಿ.ಎಸ್. ಕಚೇರಿಯೂ ಹಾನಿಗೊಂಡಿತು. ಅಮೆರಿಕವು ಇನ್ನೂ ಯುದ್ಧದಿಂದ ದೂರವಿದ್ದ ಆ ದಿನಗಳಲ್ಲಿ ಬ್ರಿಟನ್ನಿನ ಬಗ್ಗೆ ಅಮೆರಿಕನ್ನರ ಸಹಾನುಭೂತಿಯನ್ನು ಬೆಳೆಸುವಲ್ಲಿ ಈ ವರದಿಗಳು ಪಾತ್ರ ವಹಿಸಿದವು. ಮರುದಿನ ಭೇಟಿಯಾಗುವ ಭರವಸೆಯಿಲ್ಲದ ಲಂಡನ್ ವಾಸಿಗಳು ರಾತ್ರಿ ಬೀಳ್ಕೊಡುವಾಗ ಪರಸ್ಪರ ಹಾರೈಸುತ್ತಿದ್ದ ರೀತಿಯನ್ನೇ ಮರ್ರೋ ಅವರು ತಮ್ಮ ಕಾರ್ಯಕ್ರಮಗಳ ಮುಕ್ತಾಯದ ನುಡಿಯಾಗಿ ಅಳವಡಿಸಿಕೊಂಡರು.

ಪ್ರಕಟಿಸದ ಒಂದು ಸಂದರ್ಶನ

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ದಾಳಿ ಮಾಡಿದಾಗ ಮರ್ರೋ ಅವರು ರಜೆಯ ಮೇಲೆ ಅಮೆರಿಕದಲ್ಲಿದ್ದರು. ಅಂದು ರಾತ್ರಿ ಅವರಿಗೂ ಪತ್ನಿಗೂ ಶ್ವೇತಭವನದಲ್ಲಿ ಊಟಕ್ಕೆ ಮೊದಲೇ ಆಹ್ವಾನವಿತ್ತು. ಊಟದ ವೇಳೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬರಲಾಗಲಿಲ್ಲ. ತಡರಾತ್ರಿಯಲ್ಲಿ ಮರ್ರೋ ಅವರನ್ನು ಕರೆಸಿಕೊಂಡ ಅಧ್ಯಕ್ಷರು, ಸಾರ್ವಜನಿಕರಿಗೆ ಇನ್ನೂ ತಿಳಿಯದಿದ್ದ ಹಡಗು ಮತ್ತು ವಿಮಾನಗಳ ನಷ್ಟದ ವಿವರಗಳನ್ನು ಹೇಳಿದರು. ಇದನ್ನು ಪ್ರಕಟಿಸಬಾರದೆಂಬ ಷರತ್ತನ್ನು ಸ್ಪಷ್ಟವಾಗಿ ಹಾಕಿರಲಿಲ್ಲ. ಆದರೂ ಅದು ವಿಶ್ವಾಸದಿಂದ ಆಡಿದ ಮಾತೆಂದು ಭಾವಿಸಿದ ಮರ್ರೋ ಅವರು ಪ್ರಸಾರ ಮಾಡಲಿಲ್ಲ. ಯುದ್ಧಕಾಲದ ಅತಿದೊಡ್ಡ ಸುದ್ದಿಯೊಂದನ್ನು ಕೈಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ಅವರನ್ನು ಬಹುಕಾಲ ಕಾಡಿತು.

ಬರ್ಲಿನ್ ಮತ್ತು ಬುಖೆನ್‌ವಾಲ್ಡ್

ಯುದ್ಧಕಾಲದಲ್ಲಿ ಮರ್ರೋ ಅವರು ಮೇಲಧಿಕಾರಿಗಳ ಇಚ್ಛೆಗೆ ವಿರುದ್ಧವಾಗಿ ಇಪ್ಪತ್ತಕ್ಕೂ ಹೆಚ್ಚು ಬಾರಿ ಯುದ್ಧವಿಮಾನಗಳಲ್ಲಿ ಹಾರಿದರು. 1943ರ ಡಿಸೆಂಬರ್ 2ರ ರಾತ್ರಿ ಬರ್ಲಿನ್ನಿನ ಮೇಲೆ ಬಾಂಬ್ ಹಾಕಲು ಹೊರಟ ಲ್ಯಾಂಕಾಸ್ಟರ್ ವಿಮಾನದಲ್ಲಿ ಪ್ರಯಾಣಿಸಿ, ಮರುದಿನ ಅದರ ಅನುಭವವನ್ನು ವರದಿ ಮಾಡಿದರು. ಅದೇ ದಾಳಿಯಲ್ಲಿ ಬೇರೆ ವಿಮಾನಗಳಲ್ಲಿದ್ದ ವರದಿಗಾರರ ಪೈಕಿ ಕೆಲವರು ಹಿಂದಿರುಗಲಿಲ್ಲ.

1945ರ ಏಪ್ರಿಲ್ 12ರಂದು, ಅಮೆರಿಕದ ಸೇನೆ ಬಿಡುಗಡೆಗೊಳಿಸಿದ್ದ ಬುಖೆನ್‌ವಾಲ್ಡ್ ನಾಜಿ ಶಿಬಿರವನ್ನು ಅವರು ಪ್ರವೇಶಿಸಿದರು. ತಾವು ಕಂಡದ್ದನ್ನು ಏಪ್ರಿಲ್ 15ರಂದು ಪ್ರಸಾರ ಮಾಡಿದರು. ಶಿಬಿರದಲ್ಲಿದ್ದ ವೈದ್ಯರು, ಕಾರ್ಮಿಕರು ಮತ್ತು ಮಕ್ಕಳೊಂದಿಗೆ ನಡೆದ ಮಾತುಕತೆಯನ್ನು ಅವರು ಅಲಂಕಾರವಿಲ್ಲದೆ ನಿರೂಪಿಸಿದರು. ಸತ್ತವರ ಸಂಖ್ಯೆ, ಹಾಸಿಗೆಗಳ ಸ್ಥಿತಿ, ಊಟದ ಪ್ರಮಾಣ ಮುಂತಾದ ವಿವರಗಳೇ ವರದಿಯ ತುಂಬ ಇದ್ದವು. ಕಂಡದ್ದರಲ್ಲಿ ಒಂದು ಭಾಗವನ್ನಷ್ಟೇ ಹೇಳಿರುವುದಾಗಿಯೂ ಉಳಿದುದಕ್ಕೆ ತಮ್ಮಲ್ಲಿ ಪದಗಳಿಲ್ಲವೆಂದೂ ಕೇಳುಗರಿಗೆ ತಿಳಿಸಿದರು.

ಧ್ವನಿಮುದ್ರಣದ ಕಡೆಗೆ

ಯುದ್ಧದ ನಂತರ ಮರ್ರೋ ಅವರು ಸಿ.ಬಿ.ಎಸ್. ಸಂಸ್ಥೆಯ ಉಪಾಧ್ಯಕ್ಷರಾದರು. ಆಡಳಿತದ ಕೆಲಸ ಅವರಿಗೆ ಒಗ್ಗಲಿಲ್ಲ. 1947ರಲ್ಲಿ ಪ್ರಾಯೋಜಕರನ್ನು ಕಳೆದುಕೊಂಡ ಶೈರರ್ ಅವರು ಸಂಸ್ಥೆಯನ್ನು ತೊರೆದಾಗ ಇಬ್ಬರ ಸ್ನೇಹವೂ ಮುರಿದುಬಿತ್ತು. ಅದೇ ವರ್ಷ ಮರ್ರೋ ಅವರು ಹುದ್ದೆಯನ್ನು ಬಿಟ್ಟು ರೇಡಿಯೊ ಸುದ್ದಿಗೆ ಮರಳಿದರು.

ಮುದ್ರಿತ ಧ್ವನಿಯ ಮೇಲಿದ್ದ ನಿರ್ಬಂಧ ಈ ವೇಳೆಗೆ ಸಡಿಲಗೊಳ್ಳತೊಡಗಿತ್ತು. ನಿರ್ಮಾಪಕ ಫ್ರೆಡ್ ಫ್ರೆಂಡ್ಲಿಯವರೊಡನೆ ಸೇರಿ ಮರ್ರೋ ಅವರು 1933ರಿಂದ 1945ರವರೆಗಿನ ಇತಿಹಾಸವನ್ನು ಆ ಕಾಲದ ನಾಯಕರ ದನಿಗಳ ಮೂಲಕವೇ ಹೇಳುವ ‘ಐ ಕ್ಯಾನ್ ಹಿಯರ್ ಇಟ್ ನೌ’ ಎಂಬ ಧ್ವನಿಮುದ್ರಿಕೆಗಳ ಸಂಪುಟವನ್ನು 1948ರಲ್ಲಿ ಹೊರತಂದರು. ಅದು ಅನಿರೀಕ್ಷಿತ ಯಶಸ್ಸು ಗಳಿಸಿತು. ಇದೇ ಕಲ್ಪನೆಯನ್ನು ವಾರದ ಸುದ್ದಿಗೆ ಅನ್ವಯಿಸಿ 1950ರ ಡಿಸೆಂಬರಿನಲ್ಲಿ ‘ಹಿಯರ್ ಇಟ್ ನೌ’ ಎಂಬ ಒಂದು ಗಂಟೆಯ ರೇಡಿಯೊ ಕಾರ್ಯಕ್ರಮ ಆರಂಭವಾಯಿತು. ವರದಿಗಾರನು ಸಂದರ್ಭವನ್ನು ವಿವರಿಸುವುದು, ಘಟನೆಯಲ್ಲಿ ಭಾಗಿಯಾದವರು ತಮ್ಮ ಮಾತನ್ನು ತಾವೇ ಹೇಳುವುದು ಇದರ ಕ್ರಮ. ಇಂದು ಸುದ್ದಿಮನೆಗಳಲ್ಲಿ ಬೈಟ್ ಎಂದು ಕರೆಯುವ ಧ್ವನಿತುಣುಕಿನ ಬಳಕೆ ಈ ಕ್ರಮದ ಮುಂದುವರಿಕೆಯೇ ಆಗಿದೆ.

ಸೀ ಇಟ್ ನೌ

1951ರ ನವೆಂಬರ್ 18ರಂದು ಈ ಕಾರ್ಯಕ್ರಮವು ‘ಸೀ ಇಟ್ ನೌ’ ಎಂಬ ಹೆಸರಿನಲ್ಲಿ ದೂರದರ್ಶನಕ್ಕೆ ಬಂತು. ಮೊದಲ ಸಂಚಿಕೆಯಲ್ಲಿಯೇ ಅಮೆರಿಕದ ಪೂರ್ವ ಮತ್ತು ಪಶ್ಚಿಮ ಕರಾವಳಿಗಳ ನೇರ ದೃಶ್ಯಗಳನ್ನು ಏಕಕಾಲದಲ್ಲಿ ತೋರಿಸಲಾಯಿತು. ಮರ್ರೋ ಮತ್ತು ಫ್ರೆಂಡ್ಲಿ ಅವರು ಸುದ್ದಿಚಿತ್ರ ಕಂಪನಿಗಳ ಹಳೆಯ ದೃಶ್ಯಗಳನ್ನು ನೆಚ್ಚಿಕೊಳ್ಳದೆ, ತಮ್ಮದೇ ಛಾಯಾಗ್ರಾಹಕರನ್ನು ಕಳುಹಿಸಿ 35 ಮಿ.ಮೀ. ಫಿಲ್ಮಿನಲ್ಲಿ ಹೊಸದಾಗಿ ಚಿತ್ರೀಕರಿಸಿದರು. ಸಂದರ್ಶನಗಳಿಗೆ ಪೂರ್ವಾಭ್ಯಾಸ ಇರಬಾರದು, ಘಟನೆಗಳನ್ನು ಮತ್ತೆ ನಟಿಸಿ ತೋರಿಸಬಾರದು, ಧ್ವನಿಯನ್ನು ಬಳಿಕ ಸೇರಿಸಬಾರದು, ಭಾವೋದ್ರೇಕಕ್ಕಾಗಿ ಹಿನ್ನೆಲೆ ಸಂಗೀತ ಬಳಸಬಾರದು ಎಂಬ ನಿಯಮಗಳನ್ನು ಹಾಕಿಕೊಂಡರು. ಕೊರಿಯಾ ಯುದ್ಧದ ಕಾಲದಲ್ಲಿ ಅಲ್ಲಿಗೆ ಹೋಗಿ ಕ್ರಿಸ್‌ಮಸ್ ಸಂಚಿಕೆಯನ್ನು ಚಿತ್ರೀಕರಿಸಿದಾಗ ಸೇನಾಧಿಕಾರಿಗಳಿಗಿಂತ ಸಾಮಾನ್ಯ ಸೈನಿಕರಿಗೇ ಹೆಚ್ಚು ಮಾತನಾಡುವ ಅವಕಾಶ ದೊರೆಯಿತು.

1955ರ ಏಪ್ರಿಲ್ 12ರಂದು, ಪೋಲಿಯೊ ಲಸಿಕೆ ಪರಿಣಾಮಕಾರಿ ಎಂದು ಘೋಷಣೆಯಾದ ದಿನ, ಮರ್ರೋ ಅವರು ವಿಜ್ಞಾನಿ ಜೋನಾಸ್ ಸಾಲ್ಕ್ ಅವರನ್ನು ಸಂದರ್ಶಿಸಿದರು. ಲಸಿಕೆಯ ಹಕ್ಕುಸ್ವಾಮ್ಯ ಯಾರದ್ದು ಎಂಬ ಅವರ ಸರಳ ಪ್ರಶ್ನೆಗೆ, ಅದು ಜನರಿಗೆ ಸೇರಿದ್ದೆಂದೂ ಸೂರ್ಯನಿಗೆ ಹಕ್ಕುಸ್ವಾಮ್ಯ ಪಡೆಯಲಾಗದೆಂದೂ ಸಾಲ್ಕ್ ಉತ್ತರಿಸಿದರು. ಚಿಕ್ಕ ಪ್ರಶ್ನೆಯೊಂದು ಬಹುಕಾಲ ನೆನಪಿನಲ್ಲಿ ಉಳಿಯುವ ಉತ್ತರವನ್ನು ಹೊರತರಬಲ್ಲದು ಎಂಬುದಕ್ಕೆ ಇದು ನಿದರ್ಶನ. ಪರಮಾಣು ವಿಜ್ಞಾನಿ ರಾಬರ್ಟ್ ಓಪನ್‌ಹೈಮರ್ ಅವರೊಂದಿಗೆ ನಡೆಸಿದ ದೀರ್ಘ ಸಂದರ್ಶನವೂ ಅದೇ ವರ್ಷ ಪ್ರಸಾರವಾಯಿತು.

ರಾಡುಲೊವಿಚ್ ಪ್ರಕರಣ

1950ರ ದಶಕದ ಆರಂಭದಲ್ಲಿ ಕಮ್ಯುನಿಸ್ಟರೆಂಬ ಶಂಕೆಯಿಂದ ಅನೇಕ ಅಮೆರಿಕನ್ನರು ಉದ್ಯೋಗ ಕಳೆದುಕೊಳ್ಳುತ್ತಿದ್ದರು. ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ಜೋಸೆಫ್ ಮೆಕಾರ್ಥಿ ಈ ಬೇಟೆಯ ಮುಂಚೂಣಿಯಲ್ಲಿದ್ದರು. ಮಿಶಿಗನ್ ರಾಜ್ಯದ ಡೆಕ್ಸ್‌ಟರ್ ಊರಿನ ಮೈಲೊ ರಾಡುಲೊವಿಚ್ ವಾಯುಪಡೆಯ ಮೀಸಲು ದಳದ ಲೆಫ್ಟಿನೆಂಟರಾಗಿದ್ದರು. ಅವರ ನಿಷ್ಠೆಯ ಮೇಲೆ ಯಾರಿಗೂ ಸಂದೇಹವಿರಲಿಲ್ಲ. ತಂದೆ ಮತ್ತು ತಂಗಿಯ ರಾಜಕೀಯ ಒಲವುಗಳ ಕಾರಣವನ್ನು ಮುಂದಿಟ್ಟು ವಾಯುಪಡೆಯು ಅವರನ್ನು ಕೈಬಿಡಲು ಮುಂದಾಗಿತ್ತು. ಆರೋಪಗಳ ಸಾಕ್ಷ್ಯವು ಮುಚ್ಚಿದ ಲಕೋಟೆಯಲ್ಲಿದ್ದು, ಅದನ್ನು ಆಪಾದಿತನಿಗೂ ಆತನ ವಕೀಲನಿಗೂ ತೋರಿಸಲಿಲ್ಲ.

1953ರ ಅಕ್ಟೋಬರ್ 20ರ ಸಂಚಿಕೆಯಲ್ಲಿ ರಾಡುಲೊವಿಚ್, ಅವರ ತಂದೆ, ತಂಗಿ ಮತ್ತು ಊರಿನ ನೆರೆಹೊರೆಯವರು ಕ್ಯಾಮೆರಾದ ಮುಂದೆ ತಾವೇ ಮಾತನಾಡಿದರು. ಕಾರ್ಯಕ್ರಮಕ್ಕೆ ಪತ್ರಿಕಾ ಜಾಹೀರಾತು ನೀಡಲು ಸಿ.ಬಿ.ಎಸ್. ಒಪ್ಪದಿದ್ದಾಗ ಮರ್ರೋ ಮತ್ತು ಫ್ರೆಂಡ್ಲಿ ಅವರು ಸ್ವಂತ ಹಣದಿಂದ 1,500 ಡಾಲರ್ ತೆತ್ತು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದರು. ಕಾರ್ಯಕ್ರಮ ಪ್ರಸಾರವಾಗಿ ಐದು ವಾರಗಳಾಗುವಷ್ಟರಲ್ಲಿ ವಾಯುಪಡೆಯ ಕಾರ್ಯದರ್ಶಿ ಹೆರಾಲ್ಡ್ ಟಾಲ್ಬಟ್ ಅದೇ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡು, ರಾಡುಲೊವಿಚ್ ಅವರನ್ನು ಸೇವೆಯಲ್ಲಿ ಮುಂದುವರಿಸುವ ನಿರ್ಧಾರವನ್ನು ತಿಳಿಸಿದರು.

ಮೆಕಾರ್ಥಿ ಕುರಿತ ವರದಿ

1954ರ ಮಾರ್ಚ್ 9ರ ರಾತ್ರಿ ‘ಸೀ ಇಟ್ ನೌ’ ಇಡೀ ಅರ್ಧ ಗಂಟೆಯನ್ನು ಸೆನೆಟರ್ ಮೆಕಾರ್ಥಿಯವರಿಗೆ ಮೀಸಲಿಟ್ಟಿತು. ಸಾಮಗ್ರಿಯ ಬಹುಭಾಗ ಮೆಕಾರ್ಥಿಯವರ ಭಾಷಣಗಳು ಮತ್ತು ವಿಚಾರಣೆಗಳ ಚಿತ್ರಿಕೆ ಹಾಗೂ ಧ್ವನಿಮುದ್ರಿಕೆಗಳೇ ಆಗಿದ್ದವು. ತಂಡವು ಇವುಗಳನ್ನು ಬಹಳ ಕಾಲದಿಂದ ಸಂಗ್ರಹಿಸುತ್ತ ಬಂದಿತ್ತು. ಒಂದು ತುಣುಕು ಮುಗಿದೊಡನೆ ಮರ್ರೋ ಅವರು ಅದಕ್ಕೆ ಸಂಬಂಧಿಸಿದ ದಾಖಲೆಯನ್ನು ಓದುತ್ತಿದ್ದರು. ಅಮೆರಿಕದ ನಾಗರಿಕ ಸ್ವಾತಂತ್ರ್ಯ ಒಕ್ಕೂಟವನ್ನು ಕಮ್ಯುನಿಸ್ಟರ ಮುಖವಾಡದ ಸಂಸ್ಥೆಯೆಂದು ಸರ್ಕಾರ ಪಟ್ಟಿಮಾಡಿದೆ ಎಂಬರ್ಥದಲ್ಲಿ ಮೆಕಾರ್ಥಿ ಅವರು ಅಧಿಕಾರಿ ರೀಡ್ ಹ್ಯಾರಿಸ್ ಅವರನ್ನು ಪ್ರಶ್ನಿಸುವ ದೃಶ್ಯದ ಬಳಿಕ, ಸರ್ಕಾರದ ಯಾವ ಪಟ್ಟಿಯಲ್ಲಿಯೂ ಆ ಒಕ್ಕೂಟದ ಹೆಸರಿಲ್ಲವೆಂಬುದನ್ನು ಸ್ಪಷ್ಟಪಡಿಸಿದರು. ತಮ್ಮ ಮಾತು ಎಲ್ಲಿಯೂ ಜಾರಬಾರದೆಂದು, ಬರೆದುಕೊಂಡದ್ದನ್ನೇ ಓದುತ್ತಿರುವುದಾಗಿ ವೀಕ್ಷಕರಿಗೆ ಮೊದಲೇ ತಿಳಿಸಿದ್ದರು. ಉತ್ತರಿಸಲು ಅಷ್ಟೇ ಸಮಯವನ್ನು ಸೆನೆಟರರಿಗೆ ನೀಡುವುದಾಗಿಯೂ ಹೇಳಿದ್ದರು. ಕೊನೆಯಲ್ಲಿ ಭಿನ್ನಾಭಿಪ್ರಾಯಕ್ಕೂ ದೇಶದ್ರೋಹಕ್ಕೂ ಇರುವ ಅಂತರವನ್ನು ನೆನಪಿಸುತ್ತ, ಭಯದ ವಾತಾವರಣಕ್ಕೆ ಸಮಾಜದ ಮೌನವೂ ಕಾರಣವೆಂಬ ಅಭಿಪ್ರಾಯವನ್ನು ತಮ್ಮದೇ ಹೆಸರಿನಲ್ಲಿ ವ್ಯಕ್ತಪಡಿಸಿದರು.

ಸಿ.ಬಿ.ಎಸ್. ಸಂಸ್ಥೆಗೆ ಬಂದ ದೂರವಾಣಿ ಕರೆ ಮತ್ತು ಪತ್ರಗಳಲ್ಲಿ ಬಹುಪಾಲು ಕಾರ್ಯಕ್ರಮದ ಪರವಾಗಿದ್ದವು. ಮಾರ್ಚ್ 16ರಂದು ಪೆಂಟಗನ್ನಿನ ಉದ್ಯೋಗಿ ಆ್ಯನಿ ಲೀ ಮಾಸ್ ಅವರ ವಿಚಾರಣೆಯನ್ನು ತೋರಿಸಲಾಯಿತು. ವಿಚಾರಣೆಯ ನಡುವೆ ಎದ್ದುಹೋದ ಮೆಕಾರ್ಥಿಯವರ ಖಾಲಿ ಕುರ್ಚಿಯ ದೃಶ್ಯವು ಪ್ರಸಿದ್ಧವಾಯಿತು. ಏಪ್ರಿಲ್ 6ರಂದು ಪ್ರಸಾರವಾದ ತಮ್ಮ ಉತ್ತರದಲ್ಲಿ ಮೆಕಾರ್ಥಿ ಅವರು ಕಾರ್ಯಕ್ರಮವು ಎತ್ತಿದ ಸಂಗತಿಗಳಿಗಿಂತ ಹೆಚ್ಚಾಗಿ ಮರ್ರೋ ಅವರನ್ನೇ ಗುರಿಮಾಡಿದರು. ಅಂತರರಾಷ್ಟ್ರೀಯ ಶಿಕ್ಷಣ ಸಂಸ್ಥೆಯಲ್ಲಿದ್ದಾಗ ಮಾಸ್ಕೋದ ಬೇಸಿಗೆ ಶಿಕ್ಷಣ ಶಿಬಿರದೊಂದಿಗೆ ಇದ್ದ ಸಂಬಂಧವನ್ನು ಆರೋಪವಾಗಿ ಮುಂದಿಟ್ಟರು. ಅದೇ ವರ್ಷ ಸೇನೆ ಮತ್ತು ಮೆಕಾರ್ಥಿ ನಡುವಿನ ವಿವಾದದ ವಿಚಾರಣೆಗಳು ನೇರವಾಗಿ ಪ್ರಸಾರವಾದವು. ಡಿಸೆಂಬರ್ 2ರಂದು ಸೆನೆಟ್ 67–22 ಮತಗಳಿಂದ ಮೆಕಾರ್ಥಿಯವರನ್ನು ಖಂಡಿಸಿತು.

ವಿಮರ್ಶೆ ಮತ್ತು ವಿವಾದ

ಮೆಕಾರ್ಥಿಯವರ ಪತನಕ್ಕೆ ಈ ಒಂದು ಕಾರ್ಯಕ್ರಮವೇ ಕಾರಣವೆಂಬ ಜನಪ್ರಿಯ ನಂಬಿಕೆಯನ್ನು ಇತಿಹಾಸಕಾರರು ಪೂರ್ತಿಯಾಗಿ ಒಪ್ಪುವುದಿಲ್ಲ. ಅಂಕಣಕಾರ ಡ್ರೂ ಪಿಯರ್ಸನ್, ವ್ಯಂಗ್ಯಚಿತ್ರಕಾರ ಹರ್ಬ್ಲಾಕ್ ಮೊದಲಾದವರು ವರ್ಷಗಳ ಹಿಂದೆಯೇ ಅವರನ್ನು ಟೀಕಿಸಿದ್ದರು.

ಕಾರ್ಯಕ್ರಮದ ವಿಧಾನವನ್ನು ಕುರಿತ ಆಕ್ಷೇಪಗಳು ಇನ್ನೂ ಮುಖ್ಯವಾದವು. ಮೆಕಾರ್ಥಿಯವರನ್ನು ಇಷ್ಟಪಡದ ಗಿಲ್ಬರ್ಟ್ ಸೆಲ್ಡೆಸ್ ಮತ್ತು ಜಾನ್ ಕಾಗ್ಲಿ ಅವರಂಥ ವಿಮರ್ಶಕರೇ ಇದನ್ನು ಪ್ರಶ್ನಿಸಿದರು. ಗಂಟೆಗಟ್ಟಲೆ ಚಿತ್ರಿಕೆಯಿಂದ ವ್ಯಕ್ತಿಯೊಬ್ಬನು ತೊದಲುವ, ಅಸಹ್ಯವಾಗಿ ನಗುವ ಕ್ಷಣಗಳನ್ನು ಆರಿಸಿ ಜೋಡಿಸಿದರೆ, ಪ್ರತಿಯೊಂದು ಮಾತೂ ಅವನದೇ ಆಗಿದ್ದರೂ ಒಟ್ಟು ಚಿತ್ರವನ್ನು ರೂಪಿಸುವವನು ಸಂಕಲನಕಾರನೇ. ಇದೇ ಆಯುಧವನ್ನು ನಾಳೆ ಬೇರೊಬ್ಬರು ಸಜ್ಜನರ ಮೇಲೂ ಬಳಸಬಹುದು. ದೂರದರ್ಶನದಲ್ಲಿ ಪಳಗಿದ ತಂಡಕ್ಕೂ ಅನನುಭವಿ ಎದುರಾಳಿಗೂ ಸಮಾನ ಸಮಯ ಕೊಟ್ಟ ಮಾತ್ರಕ್ಕೆ ಸಮಾನ ಅವಕಾಶ ದೊರೆತಂತಾಗುವುದಿಲ್ಲ ಎಂಬ ವಾದವೂ ಇತ್ತು. ಆ್ಯನಿ ಲೀ ಮಾಸ್ ಪ್ರಕರಣದಲ್ಲಿ, ಕಮ್ಯುನಿಸ್ಟ್ ಪಕ್ಷದ ದಾಖಲೆಗಳಲ್ಲಿ ಅವರ ಹೆಸರು ಮತ್ತು ವಿಳಾಸ ಇದ್ದುದನ್ನು ಸರ್ಕಾರದ ಮಂಡಳಿಯೊಂದು 1958ರಲ್ಲಿ ತಿಳಿಸಿತು. ಆ ಸಂಚಿಕೆಯು ಅವರು ನಿರ್ದೋಷಿಯೆಂದು ಸಾರದೆ, ಗಾಳಿಮಾತಿನ ಆಧಾರದ ಮೇಲೆ ವಿಚಾರಣೆ ನಡೆಸುವುದರ ಅನ್ಯಾಯವನ್ನು ಎತ್ತಿಹಿಡಿದಿತ್ತು. ಆದರೂ ಅನೇಕ ವೀಕ್ಷಕರ ಮನಸ್ಸಿನಲ್ಲಿ ಉಳಿದದ್ದು ಆಕೆಯ ಮುಗ್ಧ ಮುಖ.

ಮರ್ರೋ ಅವರು ಕಾರ್ಯಕ್ರಮವು ನಿಷ್ಪಕ್ಷಪಾತವಾಗಿತ್ತೆಂದು ಎಂದೂ ಸಾಧಿಸಲಿಲ್ಲ. ಒಂದು ಪ್ರಶ್ನೆಗೆ ಎರಡು ಸಮಾನ ಮುಖಗಳು ಯಾವಾಗಲೂ ಇರುವುದಿಲ್ಲ ಎಂಬುದು ಅವರ ನಿಲುವು. ಸಾಕ್ಷ್ಯವನ್ನು ಮೆಕಾರ್ಥಿಯವರ ಬಾಯಿಂದ ಕೇಳಿಸಿ, ತೀರ್ಪನ್ನು ಮಾತ್ರ ತಮ್ಮದೆಂದು ಬಹಿರಂಗವಾಗಿ ಹೇಳಿದ್ದು ಅವರ ವಿಧಾನದ ವೈಶಿಷ್ಟ್ಯ. ಆಯ್ಕೆಮಾಡಿದ ಧ್ವನಿತುಣುಕು ಯಾವಾಗ ಸಾಕ್ಷ್ಯ, ಯಾವಾಗ ವ್ಯಂಗ್ಯಚಿತ್ರ ಎಂಬ ಪ್ರಶ್ನೆಯನ್ನು ಚರ್ಚಿಸಲು ಈ ಕಾರ್ಯಕ್ರಮವನ್ನು ಇಂದಿಗೂ ಉದಾಹರಣೆಯಾಗಿ ಬಳಸಲಾಗುತ್ತದೆ.

ಪರ್ಸನ್ ಟು ಪರ್ಸನ್ ಮತ್ತು ಸ್ಮಾಲ್ ವರ್ಲ್ಡ್

1953ರ ಅಕ್ಟೋಬರಿನಲ್ಲಿ ಮರ್ರೋ ಅವರು ‘ಪರ್ಸನ್ ಟು ಪರ್ಸನ್’ ಎಂಬ ಇನ್ನೊಂದು ಕಾರ್ಯಕ್ರಮವನ್ನೂ ಆರಂಭಿಸಿದರು. ಅವರು ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಕುಳಿತು, ತಮ್ಮ ತಮ್ಮ ಮನೆಗಳಲ್ಲಿಯೇ ಇದ್ದ ಪ್ರಸಿದ್ಧ ವ್ಯಕ್ತಿಗಳೊಂದಿಗೆ ನೇರವಾಗಿ ಮಾತನಾಡುತ್ತಿದ್ದರು. ಜಾನ್ ಎಫ್. ಕೆನಡಿ ದಂಪತಿಗಳು, ಮರ್ಲಿನ್ ಮನ್ರೋ ಮುಂತಾದವರು ಇದರಲ್ಲಿ ಕಾಣಿಸಿಕೊಂಡರು. ಇಲ್ಲಿ ಸವಾಲೊಡ್ಡುವ ಪ್ರಶ್ನೆಗಳಿರಲಿಲ್ಲ; ಅತಿಥಿಯಾಗಿ ಮನೆಗೆ ಬಂದವನ ಸೌಜನ್ಯವಿತ್ತು. ವಿಮರ್ಶಕರು ಎರಡು ಕಾರ್ಯಕ್ರಮಗಳನ್ನು ಹೋಲಿಸಿ, ಮೇಲ್ಮಟ್ಟದ ಮರ್ರೋ ಮತ್ತು ಕೆಳಮಟ್ಟದ ಮರ್ರೋ ಎಂದು ಇಬ್ಬರಿದ್ದಾರೆಂದು ಛೇಡಿಸಿದರು. ಜನಪ್ರಿಯತೆಯಲ್ಲಿ ಮಾತ್ರ ಇದು ‘ಸೀ ಇಟ್ ನೌ’ವನ್ನು ಮೀರಿಸಿತು.

ಕ್ಯಾಮೆರಾ ಮತ್ತು ದೀಪಗಳನ್ನು ಕೋಣೆಯಿಂದ ಕೋಣೆಗೆ ಸಾಗಿಸಬೇಕಿದ್ದುದರಿಂದ ಅತಿಥಿಗಳ ಚಲನೆಯನ್ನೂ ಮಾತಿನ ವಿಷಯಗಳನ್ನೂ ಮೊದಲೇ ಗೊತ್ತುಮಾಡಲಾಗುತ್ತಿತ್ತು. ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮಗಳಲ್ಲಿ ಉತ್ತರಗಳನ್ನು ಮೊದಲೇ ಹೇಳಿಕೊಡುತ್ತಿದ್ದ ಹಗರಣ ಬಯಲಾದ ಮೇಲೆ, 1959ರ ಅಕ್ಟೋಬರಿನಲ್ಲಿ ಸಿ.ಬಿ.ಎಸ್. ಅಧ್ಯಕ್ಷ ಫ್ರಾಂಕ್ ಸ್ಟಾಂಟನ್ ಅವರು ‘ಪರ್ಸನ್ ಟು ಪರ್ಸನ್’ ಕೂಡ ಸಹಜತೆಯ ಭ್ರಮೆಯನ್ನು ಹುಟ್ಟಿಸುತ್ತದೆ ಎಂಬರ್ಥದ ಮಾತನ್ನಾಡಿದರು. ರಜೆಯ ಮೇಲೆ ಲಂಡನ್ನಿನಲ್ಲಿದ್ದ ಮರ್ರೋ ಅವರು ಇದನ್ನು ಬಹಿರಂಗವಾಗಿ ಖಂಡಿಸಿದರು. ಸಂಸ್ಥೆಯೊಂದಿಗಿನ ಅವರ ಬಿರುಕು ಇದರಿಂದ ಇನ್ನಷ್ಟು ಆಳವಾಯಿತು.

1958ರ ಅಕ್ಟೋಬರ್ 12ರಂದು ಆರಂಭವಾದ ‘ಸ್ಮಾಲ್ ವರ್ಲ್ಡ್’ ಕಾರ್ಯಕ್ರಮದಲ್ಲಿ ಬೇರೆ ಬೇರೆ ದೇಶಗಳಲ್ಲಿದ್ದ ಮೂವರು ದೂರವಾಣಿ ಸಂಪರ್ಕದ ಮೂಲಕ ಪರಸ್ಪರ ಸಂವಾದ ನಡೆಸುತ್ತಿದ್ದರು. ಪ್ರತಿಯೊಬ್ಬರನ್ನೂ ಅವರಿರುವಲ್ಲಿಯೇ ಚಿತ್ರೀಕರಿಸಿ, ಫಿಲ್ಮನ್ನು ನ್ಯೂಯಾರ್ಕಿಗೆ ತರಿಸಿ ಜೋಡಿಸಲಾಗುತ್ತಿತ್ತು. ಮೊದಲ ಸಂಚಿಕೆಯಲ್ಲಿ ನವದೆಹಲಿಯಿಂದ ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ, ಇಟಲಿಯಿಂದ ಲೇಖಕ ಆಲ್ಡಸ್ ಹಕ್ಸ್‌ಲಿ ಮತ್ತು ಅಮೆರಿಕದಿಂದ ರಾಜಕಾರಣಿ ಥಾಮಸ್ ಡ್ಯೂಯಿ ಭಾಗವಹಿಸಿದರು. ಉಪಗ್ರಹ ಸಂಪರ್ಕವಿಲ್ಲದ ಕಾಲದಲ್ಲಿ ಇದು ಹೊಸ ಪ್ರಯೋಗವಾಗಿತ್ತು.

ಸಿ.ಬಿ.ಎಸ್. ಜೊತೆಗಿನ ಕೊನೆಯ ವರ್ಷಗಳು

ವಿವಾದಗಳಿಂದ ಪ್ರಾಯೋಜಕರು ದೂರವಾದರು. 1955ರಲ್ಲಿ ಅಲ್ಕೋವಾ ಕಂಪನಿಯು ‘ಸೀ ಇಟ್ ನೌ’ ಪ್ರಾಯೋಜಕತ್ವವನ್ನು ನಿಲ್ಲಿಸಿತು. ವಾರಕ್ಕೊಮ್ಮೆ ಬರುತ್ತಿದ್ದ ಕಾರ್ಯಕ್ರಮವು ಆಗಾಗ ಬರುವ ವಿಶೇಷ ಸಂಚಿಕೆಗಳಿಗೆ ಇಳಿದು, 1958ರ ಜುಲೈನಲ್ಲಿ ಕೊನೆಗೊಂಡಿತು. ಅದೇ ವರ್ಷದ ಅಕ್ಟೋಬರ್ 15ರಂದು ಷಿಕಾಗೋದಲ್ಲಿ ರೇಡಿಯೊ ಮತ್ತು ದೂರದರ್ಶನ ಸುದ್ದಿ ನಿರ್ದೇಶಕರ ಸಮಾವೇಶದಲ್ಲಿ ಮಾತನಾಡುತ್ತ, ದೂರದರ್ಶನವು ಲಾಭ ಮತ್ತು ಮನರಂಜನೆಗೆ ಸೀಮಿತವಾದರೆ ಸಮಾಜವನ್ನು ವಾಸ್ತವದಿಂದ ದೂರವಿಡುವ ಸಾಧನವಾಗುತ್ತದೆ ಎಂದು ಎಚ್ಚರಿಸಿದರು.

ನಿರ್ಮಾಪಕ ಡೇವಿಡ್ ಲೋ ಅವರೊಂದಿಗೆ ತಯಾರಿಸಿದ ‘ಹಾರ್ವೆಸ್ಟ್ ಆಫ್ ಶೇಮ್’ ಸಾಕ್ಷ್ಯಚಿತ್ರವು 1960ರ ನವೆಂಬರ್ 25ರಂದು, ಅಂದರೆ ಅಮೆರಿಕನ್ನರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಪ್ರಸಾರವಾಯಿತು. ಕೊಯ್ಲಿನ ಹಂಗಾಮಿನಲ್ಲಿ ಊರೂರು ಅಲೆಯುವ ವಲಸೆ ಕೃಷಿ ಕಾರ್ಮಿಕರ ಬದುಕು ಇದರ ವಸ್ತು. ತಾಯಂದಿರು ದಿನದ ಕೂಲಿ, ಮಕ್ಕಳ ಊಟ ಮತ್ತು ಶಾಲೆಯ ಬಗ್ಗೆ ಕೊಟ್ಟ ಚಿಕ್ಕ ಚಿಕ್ಕ ಉತ್ತರಗಳು ಹಬ್ಬದೂಟದ ಮರುದಿನ ದೇಶದ ಆತ್ಮಸಾಕ್ಷಿಯನ್ನು ಕಲಕಿದವು.

ಸರ್ಕಾರಿ ಸೇವೆ ಮತ್ತು ನಿಧನ

1961ರಲ್ಲಿ ಅಧ್ಯಕ್ಷ ಕೆನಡಿ ಅವರು ಮರ್ರೋ ಅವರನ್ನು ಅಮೆರಿಕದ ಮಾಹಿತಿ ಸಂಸ್ಥೆಯ ನಿರ್ದೇಶಕರನ್ನಾಗಿ ನೇಮಿಸಿದರು. ಮೆಕಾರ್ಥಿ ವಿಚಾರಣೆಯ ನಂತರ ಸರ್ಕಾರಿ ಹುದ್ದೆ ತೊರೆದಿದ್ದ ರೀಡ್ ಹ್ಯಾರಿಸ್ ಅವರನ್ನು ಮರ್ರೋ ಅವರು ಮತ್ತೆ ಸೇವೆಗೆ ಕರೆತಂದರು. ಆದರೆ ದೇಶದ ವರ್ಚಸ್ಸಿಗೆ ಧಕ್ಕೆಯಾಗುವುದೆಂದು ‘ಹಾರ್ವೆಸ್ಟ್ ಆಫ್ ಶೇಮ್’ ಚಿತ್ರವನ್ನು ಪ್ರಸಾರ ಮಾಡದಂತೆ ಬಿ.ಬಿ.ಸಿ. ಸಂಸ್ಥೆಯನ್ನು ಕೇಳಿಕೊಂಡದ್ದು ತೀವ್ರ ಟೀಕೆಗೆ ಗುರಿಯಾಯಿತು. ಬಿ.ಬಿ.ಸಿ. ಆ ಕೋರಿಕೆಯನ್ನು ಮನ್ನಿಸದೆ ಚಿತ್ರವನ್ನು ತೋರಿಸಿತು. ಬಡ ಕಾರ್ಮಿಕರ ದನಿಯನ್ನು ಕೇಳಿಸಿದವರೇ ಅದನ್ನು ತಡೆಯಲು ಯತ್ನಿಸಿದ ಈ ಘಟನೆಯನ್ನು ಅವರ ಜೀವನಚರಿತ್ರೆಕಾರರು ಮರೆಮಾಚುವುದಿಲ್ಲ.

ಜೀವನದುದ್ದಕ್ಕೂ ವಿಪರೀತ ಧೂಮಪಾನ ಮಾಡುತ್ತಿದ್ದ ಮರ್ರೋ ಅವರು ಕ್ಯಾಮೆರಾದ ಮುಂದೆಯೂ ಸಿಗರೇಟನ್ನು ಬಿಡುತ್ತಿರಲಿಲ್ಲ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧದ ಕುರಿತು 1955ರಲ್ಲಿಯೇ ‘ಸೀ ಇಟ್ ನೌ’ ಎರಡು ಸಂಚಿಕೆಗಳನ್ನು ಪ್ರಸಾರ ಮಾಡಿತ್ತು. 1963ರಲ್ಲಿ ಅದೇ ಕಾಯಿಲೆಯಿಂದ ಅವರ ಒಂದು ಶ್ವಾಸಕೋಶವನ್ನು ತೆಗೆಯಬೇಕಾಯಿತು. 1964ರ ಜನವರಿಯಲ್ಲಿ ಹುದ್ದೆಯಿಂದ ನಿವೃತ್ತರಾದರು. 57ನೆಯ ಹುಟ್ಟುಹಬ್ಬದ ಎರಡು ದಿನಗಳ ನಂತರ, 1965ರ ಏಪ್ರಿಲ್ 27ರಂದು ನ್ಯೂಯಾರ್ಕ್ ರಾಜ್ಯದ ಪಾಲಿಂಗ್ ಊರಿನ ತಮ್ಮ ತೋಟದ ಮನೆಯಲ್ಲಿ ನಿಧನರಾದರು.

ಗೌರವಗಳು ಮತ್ತು ಪರಂಪರೆ

1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಮರ್ರೋ ಅವರಿಗೆ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ಪ್ರದಾನ ಮಾಡಿದರು. 1965ರಲ್ಲಿ ಬ್ರಿಟನ್ ಗೌರವ ನೈಟ್ ಪದವಿ ನೀಡಿತು. ಅಮೆರಿಕದ ರೇಡಿಯೊ ಮತ್ತು ದೂರದರ್ಶನ ಸುದ್ದಿ ನಿರ್ದೇಶಕರ ಸಂಘವು 1971ರಲ್ಲಿ ಅವರ ಹೆಸರಿನಲ್ಲಿ ಪ್ರಶಸ್ತಿಗಳನ್ನು ಕೊಡಲಾರಂಭಿಸಿತು. ಅವರು ಓದಿದ ಕಾಲೇಜು ಇಂದು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯವಾಗಿದ್ದು, ಅಲ್ಲಿನ ಸಂವಹನ ಕಾಲೇಜಿಗೆ ಅವರ ಹೆಸರನ್ನಿಡಲಾಗಿದೆ. ಮೆಕಾರ್ಥಿ ವರದಿಯ ಹಿನ್ನೆಲೆಯಲ್ಲಿ ಜಾರ್ಜ್ ಕ್ಲೂನಿ ನಿರ್ದೇಶಿಸಿದ ‘ಗುಡ್ ನೈಟ್, ಆ್ಯಂಡ್ ಗುಡ್ ಲಕ್’ ಚಲನಚಿತ್ರವು 2005ರಲ್ಲಿ ತೆರೆಕಂಡಿತು. ಮರ್ರೋ ಅವರ ಪಾತ್ರವನ್ನು ಡೇವಿಡ್ ಸ್ಟ್ರಾಥೈರ್ನ್ ನಿರ್ವಹಿಸಿದರು. ಮೆಕಾರ್ಥಿಯವರ ಪಾತ್ರಕ್ಕೆ ಮಾತ್ರ ಯಾವ ನಟನನ್ನೂ ಬಳಸದೆ, ಹಳೆಯ ಚಿತ್ರಿಕೆಗಳಲ್ಲಿದ್ದ ಅವರ ಸ್ವಂತ ರೂಪ ಮತ್ತು ದನಿಗಳನ್ನೇ ತೋರಿಸಲಾಯಿತು.